ಕಡೀ ಮನಿ

ಕೆಲಸಕ್ಕೆ ಸೇರಿದ ವರ್ಷ, ಬೀದರಿನ ನಕಾಶೆಯ ಮೇಲೆ
ಅಲ್ಲಿ ಹಸಿರು ಬಳಿದವಳು ನಾನೇ.
ಹಸಿರೆಂದರೆ ಉದ್ಯಾನ. ಹಳದಿಯಾದರೆ ವಸತಿ.
ಬಣ್ಣ ಆರುವ ಮೊದಲೇ ಘಾಳೆಪ್ಪ,
ಅಳತೆಯ ಸರಪಳಿ ಸುತ್ತುತ್ತ ಅಂದ:
"ಮೇಡಮ್‌ರ, ಅಲ್ಲಿ ನಲವತ್ತೊಂದು ಒಲಿ ಹೊತ್ತತಾವ.
ನಮ್ಮಕ್ಕಂದೂ ಒಂದು."

ಮರುದಿನ ಅವನ ಸೈಕಲ್ಲಿನ ಹಿಂದೆ ಕೂತು ಹೋದೆ.
ಕೆಂಗಲ್ಲು ಕಡಿದು ಬಿಟ್ಟ ಗಣಿಯ ಕುಳಿ,
ಗೋಡೆಗೆ ಇನ್ನೂ ಉಳಿಯ ಗೆರೆ,
ತಗಡು, ಗೋಣಿತಾಟು, ಒಂದೇ ಒಂದು ಹುಣಸೆ.
ಅಕ್ಕ ತುಳಜಮ್ಮ ಬಸಿಯಲ್ಲಿ ಚಹಾ ಕೊಟ್ಟಳು.
ಅವಳದೇ ಕೊನೆಯ ಮನೆ. ದಿನಕ್ಕೆ ಏಳು ಸಲ
ಕೊಡ ಹೊತ್ತು ಇಳಿಯಬೇಕು.

ನನ್ನ ವರದಿ ತೆಗೆದು ಓದಿದೆ, ಹೊಸ ಹುಮ್ಮಸ್ಸು.
"ಸುಸ್ಥಿರ ಅಂದ್ರೇನ್ರಿ?"
ತಡವರಿಸಿದೆ. "ಬಾಳಿಕಿ ಬರೋದು..."
"ಹಂಗಾದ್ರ ಹಂಗ ಬರೀಬೇಕಿಲ್ಲೋ."
ಸಮಾನತೆಗೆ ನನ್ನನ್ನು ಕೇಳಲೂ ಇಲ್ಲ ಆಕೆ:
"ನಳ ಮೊದಲ ಕಡೀ ಮನಿಗಿ ಮುಟ್ಟಸ್ರಿ.
ಅಲ್ಲೀತನಾ ಬಂದ್ರ ನಡುವಿನವರಿಗೆ
ಬಂದೇ ಬರ್ತದ."

ಮೂವತ್ತೆರಡು ವರ್ಷದ ನೌಕರಿಯಲ್ಲಿ ಕಲಿತ ಶಾಸ್ತ್ರ ಅಷ್ಟೇ.
ಉಳಿದದ್ದು ನಡಾವಳಿ, ಕಡತ, ಆಕ್ಷೇಪಣೆಗೆ ಉತ್ತರ,
ಯಾದಗಿರಿಗೆ ಎರಡು ಸಲ ವರ್ಗ,
ಹಸಿರು ಹಳದಿಯಾಗಲು ಹನ್ನೊಂದು ವರ್ಷ.

ನೌಬಾದಿನ ಕಡೆ ಒಂದು ಲೇಔಟಿಗೂ ನನ್ನ ಸಹಿಯಿದೆ.
ಅದರಡಿ ಸುರಂಗಬಾವಿಯ ಕಣ್ಣೊಂದು ಮುಚ್ಚಿಹೋಯಿತು.
ನಕಾಶೆಯಲ್ಲಿ ಅದು ಇರಲಿಲ್ಲ, ನಿಜ.
ಹೋಗಿ ನೋಡಿರಲಿಲ್ಲ ನಾನು.
ಆಗ ಘಾಳೆಪ್ಪ ನಿವೃತ್ತನಾಗಿದ್ದ, ಹೇಳುವವರಿರಲಿಲ್ಲ
ಎಂದು ಎಷ್ಟೋ ರಾತ್ರಿ ನನಗೆ ನಾನೇ ಹೇಳಿಕೊಂಡಿದ್ದೇನೆ.
ಶತಮಾನಗಳು ಹರಿದ ನೀರಿನ ನೆತ್ತಿಯ ಮೇಲೆ
ಈಗ ದಿನಾ ಟ್ಯಾಂಕರು ಬಂದು ಹಾರ್ನು ಹೊಡೆಯುತ್ತದೆ.

ಇವತ್ತು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು.
ಆಟೊ ಹಿಡಿದವಳು ಮನೆಗೆ ಅನ್ನಲಿಲ್ಲ,
ಕುಳಿಗೆ ಬಂದೆ.
ತುಳಜಮ್ಮನ ಸೊಸೆಗೆ ನನ್ನ ಗುರುತಿಲ್ಲ.
ಇರಬೇಕೆಂದೇನೂ ಇಲ್ಲ.
"ನೀರ್ ಬರೋ ದಿನಾನೇ ಬಂದೀರಿ, ನಿಲ್ರಿ,"
ಅಂದು ಶಾಲಿನ ಮೇಲೊಂದು ಕಣ್ಣು ಹಾಯಿಸಿ
ಬಕೆಟ್ಟು ಸರಿಸಿ ಜಾಗ ಮಾಡಿದಳು.

ನಳ ತಿರುವಿದಳು. ಮೊದಲು ಗಾಳಿ.
ಕೆಮ್ಮಿತು, ತುಕ್ಕಿನ ವಾಸನೆ ಉಗುಳಿತು, ಸುಮ್ಮನಾಯಿತು.
ಮೇಲಿನ ಓಣಿಯಲ್ಲಿ ಯಾರದೋ ಡ್ರಮ್ಮು ತುಂಬಿ
ಅಂಗಳಕ್ಕೆ ಚೆಲ್ಲುವ ಸದ್ದು ಇಲ್ಲಿಗೂ ಕೇಳುತ್ತದೆ.

ಶಾಲು ಹೆಗಲಿಗೆ ಏರಿಸಿ
ನಳದ ಕೆಳಗೆ ಅಂಗೈ ಒಡ್ಡಿದ್ದೇನೆ.
ಆಕೆ ಕೊಡ ಹಿಡಿದಿದ್ದಾಳೆ.