ಹೂಮಳೆಗೆ ಮುಂಚೆ

ಸುಂಟಿಕೊಪ್ಪದಿಂದ ಕೆಳಗಿಳಿದು
ಮಳೆ ಅರ್ಧಕ್ಕರ್ಧ ಕಡಿಮೆಯಾಗುವ ಮೂಡುಮುಖದ ಇಳಿಜಾರು.
ಕಾಂಡಕೊರಕ ತಿಂದು ಮುಗಿಸಿದ ಅರೇಬಿಕಾ ಕಿತ್ತ
ಮುಕ್ಕಾಲು ಎಕರೆ.
ಅಲ್ಲಿ ಮಾವ ಉತ್ತಯ್ಯ ಕಲ್ಲುಕಂಬ ನೆಟ್ಟು ತಂತಿ ಬಿಗಿದಾಗ
ಪಕ್ಕದ ತೋಟದ ಬೆಳ್ಯಪ್ಪ
ಬೇಲಿಯಾಚೆಯಿಂದ ಕೇಳಿದನಂತೆ:
'ಏನು, ಬಟ್ಟೆ ಒಣಗಿಸೋಕಾ?'

ಹಾಗೆ ಶುರು.

ಇಪ್ಪತ್ತು ವರ್ಷ ಕಾಫಿಗೆ ಹೊಡೆದ ಬೋರ್ಡೋ ದ್ರಾವಣವನ್ನೇ
ಬಳ್ಳಿಗೂ ಹೊಡೆದರು.
ಮೈಲುತುತ್ತು, ಸುಣ್ಣ. ಅಂಗಿಯ ತೋಳು ನೀಲಿ,
ಹುಬ್ಬು ನೀಲಿ, ಹಿಂದೆ ಹೋದ ನಾಯಿಯ ಬೆನ್ನು ನೀಲಿ.
ಬೋರ್ಡೋ ಅನ್ನುವುದು ಒಂದು ಊರು,
ಅಲ್ಲಿ ಬೆಳೆಯುವುದು ದ್ರಾಕ್ಷಿ,
ಔಷಧಿ ಹುಟ್ಟಿದ್ದೇ ಬಳ್ಳಿಗಾಗಿ, ಕಾಫಿ ಅದನ್ನು ಕಡ ತಂದದ್ದು
ಎಂದು ನನ್ನ ಗಂಡ ಓದಿ ಹೇಳಿದಾಗ
ಮಾವ ಸ್ಪ್ರೇಯರ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.
'ಹಾಗಾದರೆ ವಾಪಸ್ ಕೊಡ್ತಾ ಇದ್ದೀನಿ' ಅಂದರು.

ಜಗಳ ಇರುವುದು ಮಾರ್ಚ್‌ನಲ್ಲಿ.
ಮನೆಯ ಮೇಲ್ಗಡೆ ಹದಿನಾಲ್ಕು ಎಕರೆ ರೊಬಸ್ಟಾ
ಮೊಗ್ಗು ಬಿಗಿಹಿಡಿದು ಹೂಮಳೆಗೆ ಕಾಯುತ್ತದೆ.
ಕೆಳಗೆ ದ್ರಾಕ್ಷಿ ಹಣ್ಣಾಗಿ, ಸಿಪ್ಪೆ ತೆಳುವಾಗಿ,
ಒಂದು ಹನಿಯೂ ಬೇಡ ಎನ್ನುತ್ತದೆ.
ಅದೇ ಮಳೆ ಮೇಲೆ ಸಿರಿ, ಕೆಳಗೆ ಬಿರಿ.

ಮೋಡ ಕಟ್ಟಿದ ಸಂಜೆ
ಮಾವ ಕೈಯಾಲೆಯಲ್ಲಿ ಕೂತು ಮೇಲ್ಗಡೆ ನೋಡುತ್ತಾರೆ,
ಅತ್ತೆ ಕೆಳಗಡೆ.
ನಡುಬಾಡೆಯ ದೀಪಕ್ಕೆ ಎಣ್ಣೆ ಎರೆಯುವ ನಾನು
ಗುರುಕಾರಣನಲ್ಲಿ ಏನು ಕೇಳಬೇಕೋ ತಿಳಿಯದೆ
'ಒಳ್ಳೇದು ಮಾಡಪ್ಪ' ಎಂದಷ್ಟೇ ಅಂದು
ಲೆಕ್ಕ ಅವನಿಗೇ ಬಿಡುತ್ತೇನೆ.

ಆ ವರ್ಷ ಒಂಬತ್ತನೆಯ ತಾರೀಕು, ರಾತ್ರಿ ಹತ್ತೂವರೆ,
ಹಂಚಿನ ಮೇಲೆ ಮೊದಲ ಸದ್ದು.
ಯಾರೂ ಯಾರನ್ನೂ ಎಬ್ಬಿಸಲಿಲ್ಲ.
ಹೋಗಿ ನೋಡಿದರೆ ಎಲ್ಲರೂ ಬಳ್ಳಿಯ ಕೆಳಗಿದ್ದೆವು,
ಟಾರ್ಚು ಬಾಯಲ್ಲಿ, ಕಾಫಿ ಕುಯ್ಯುವ ಬುಟ್ಟಿ ಸೊಂಟಕ್ಕೆ.
ಲೈನ್‌ಮನೆಯಿಂದ ಬೊಳ್ಳಿ ಬಂದಳು ಮಗಳೊಂದಿಗೆ,
'ರಾತ್ರಿ ಕೂಲಿ ಎರಡರಷ್ಟು' ಎಂದು ಮೊದಲೇ ಹೇಳಿ.
ರೊಬಸ್ಟಾದ ಯಜಮಾನರು
ಹತ್ತು ಗೊಂಚಲು ಕತ್ತರಿಸಿ ಒಮ್ಮೆ ನಿಂತು
ಅಂಗೈ ಚಾಚಿ ಹನಿಯ ತೂಕ ನೋಡುತ್ತ
'ಮುಕ್ಕಾಲಿಂಚು... ಒಂದಿಂಚು ಆಗಬಹುದು' ಎಂದು ಗೊಣಗುತ್ತ,
ಆ ಮುಖದ ನಗೆ ಗೆದ್ದವನದೋ ಸೋತವನದೋ
ನನ್ನ ಟಾರ್ಚಿಗೆ ಗೊತ್ತಾಗಲಿಲ್ಲ.

ನಾಲ್ಕು ಗಂಟೆಗೆ ಒಳಗೆ ಚಾಪೆ ತುಂಬ ಹಣ್ಣು.
ಬಿರಿದದ್ದು ಒಂದು ಕಡೆ, ಬಿರಿಯದ್ದು ಒಂದು ಕಡೆ.
ಬಿರಿದದ್ದನ್ನು ಬಿಸಾಡಿ ಎನ್ನುತ್ತದೆ ನನ್ನ ಗಂಡನ ಪುಸ್ತಕ.
ಅತ್ತೆ ದೇಚವ್ವ ಒಂದೊಂದನ್ನೇ ಮೂಸಿ
ಕೊಳೆತದ್ದನ್ನು ಅಂಗಳಕ್ಕೆಸೆದು
ಉಳಿದದ್ದನ್ನು ಸಣ್ಣ ಭರಣಿಗೆ ಹಾಕಿದರು.
ಕೈಯಲ್ಲೇ ಕಿವುಚಿದರು. ನೀರು ಸೋಕಿಸಲಿಲ್ಲ.
ಸಕ್ಕರೆ, ಮೂರು ಲವಂಗ, ಒಂದು ಹಿಡಿ ಗೋಧಿ.
ಗೋಧಿ ಯಾಕೆಂದು ಕೇಳಬಾರದು,
ಅವರಮ್ಮ ಹಾಕುತ್ತಿದ್ದರು.
ಭರಣಿಯ ಬಾಯಿಗೆ ಮಾವನ ಹಳೇ ಮಂಡೆತುಣಿ ಕಟ್ಟಿದರು.

ದಿನಕ್ಕೊಮ್ಮೆ ಮರದ ಸೌಟಿನಲ್ಲಿ ತಿರುವುವುದು ನನ್ನ ಪಾಲು.
ಹದಿನೈದು ದಿನ ಕಳೆದ ಮೇಲೆ ಅತ್ತೆ ಭರಣಿಗೆ ಕಿವಿಯಿಡುತ್ತಾರೆ.
'ಇನ್ನೂ ಚಾಡಿ ಹೇಳ್ತಾ ಇದೆ' ಎಂದರೆ ಕಾಯಬೇಕು.
'ನಿದ್ದೆ ಹೋಯ್ತು' ಎಂದರೆ ಸೋಸಬೇಕು.
ಅವರಿಗೆ ಸಕ್ಕರೆ ಕಾಯಿಲೆ, ಒಂದು ಗುಟುಕೂ ಕುಡಿಯುವಂತಿಲ್ಲ.
ಆದರೂ ಕೆಟ್ಟ ಭರಣಿ ಈವರೆಗೆ ಒಂದೇ,
ಅದು ಅವರ ಕಿವಿಗೆ ನೆಗಡಿಯಾದ ವರ್ಷ.

ಪುತ್ತರಿಗೆ ಬೆಳ್ಯಪ್ಪ ಬಂದ.
ಸಣ್ಣ ಭರಣಿಯದನ್ನು ಗ್ಲಾಸಿಗೆ ಬಗ್ಗಿಸಿದೆ.
ನಾಲಗೆಯ ಮೇಲೆ ಇಟ್ಟುಕೊಂಡೇ ತುಂಬ ಹೊತ್ತು ಕೂತ.
'ಸ್ವಲ್ಪ ಹುಳಿ' ಅಂದ,
ಗ್ಲಾಸನ್ನು ಮತ್ತೆ ಮುಂದೆ ಚಾಚಿದ.

ಹೋಗುವಾಗ ಬಳ್ಳಿಯ ಕಡೆ ಕಣ್ಣಾಡಿಸಿದ.
ಕೊನೆಯ ಸಾಲಿನಲ್ಲಿ ಹೋದ ಮಳೆಗೆ ಸತ್ತ ಎರಡು ಬಳ್ಳಿ ಕಿತ್ತು
ತಂತಿ ಅಷ್ಟು ದೂರ ಬೋಳು.
ಅದರ ಮೇಲೆ ಒಗೆದು ಹರವಿದ ಮಂಡೆತುಣಿ,
ಮೂರು ಸಲ ಕುದಿಸಿದರೂ ನೇರಳೆ ಬಿಟ್ಟಿಲ್ಲ.

'ನಾನು ಆವತ್ತೇ ಕೇಳಿದ್ದೆ' ಅಂದ ಬೆಳ್ಯಪ್ಪ.