ನೀರು ಕೇಳದ ಗಿಡ

ಕೋಡಿಬಾಗದ ಹೆದ್ದಾರಿ ಬದಿ, ಹಸಿರು ಬಲೆಯ ಕೆಳಗೆ
ಹದಿನಾರು ವರ್ಷ ಮಾರಿದ್ದೇನೆ ಇದನ್ನು.
ಚೀಲಕ್ಕೆ ಇಪ್ಪತ್ತು ರೂಪಾಯಿ,
ಹತ್ತು ಕೊಂಡರೆ ಒಂದು ಪುಕ್ಕಟೆ.
ಕ್ವಾರ್ಟರ್ಸಿನ ಹೆಂಗಸರು ಕೇಳುತ್ತಿದ್ದರು,
ನೀರು ಹಾಕದಿದ್ದರೂ ಬದುಕುವಂಥದ್ದು ಏನಿದೆ?
ದನ ಬಾಯಿ ಹಾಕದ್ದು? ವರ್ಷವಿಡೀ ಹೂ ಬಿಡುವಂಥದ್ದು?
ಮೂರು ಪ್ರಶ್ನೆಗೂ ಒಂದೇ ಗಿಡ ಎತ್ತಿ ಕೊಡುತ್ತಿದ್ದೆ.
ಚೀಟಿಯಲ್ಲಿ: ಲಂಟಾನ, ಮಿಕ್ಸ್ ಕಲರ್.

ಆಯಿ ಮಾತ್ರ ಮೂಗು ಮುಚ್ಚಿ ಘಾಣೇರಿ ಎನ್ನುತ್ತಿದ್ದಳು.
ಇದು ಬೀಜ ಕಟ್ಟುವುದಿಲ್ಲ ಆಯೀ, ಹೊಸ ತಳಿ,
ಪುಣೆಯವನು ಆಣೆ ಹಾಕಿದ್ದಾನೆ, ಅಂದಿದ್ದೆ.

ಈಗ ಗುಡ್ಡಳ್ಳಿಯ ಇಳಿಜಾರಿನಲ್ಲಿ ನಿಂತಿದ್ದೇನೆ.
ಎರಡು ಮಳೆ ಬಿದ್ದು ಮಣ್ಣು ಮೆತ್ತಗಾಗಿದೆ, ಕಾಯಿ ಇನ್ನೂ ಹಸಿರು.
ಕೀಳುವ ಕೆಲಸ ಅರಣ್ಯ ಸಮಿತಿಯದು,
ಕಿತ್ತ ಜಾಗಕ್ಕೆ ಸಸಿ ಒದಗಿಸುವ ಟೆಂಡರು ನನ್ನದು.
ಯಾರೂ ನಗಲಿಲ್ಲ. ನಗಬಹುದಿತ್ತು.

ಬೀರಿ ಗೌಡ ಕತ್ತಿ ಹಿಡಿದು ಮುಂದೆ,
ಹೊಸ ಗಾರ್ಡು ಮೊಬೈಲು ಹಿಡಿದು ಹಿಂದೆ.
"ಹೂ ನೋಡ್ಬೇಡ ತಮ್ಮ, ಹೂ ಮಾತು ಬದಲಿಸ್ತದೆ,
ನಿನ್ನೆ ಹಳದಿ, ಇವತ್ತು ಗುಲಾಬಿ.
ದಂಟು ಹಿಡಿ. ನಾಕು ಮೂಲೆ ಸಿಕ್ತಾ?
ಎಲೆ ಸವರು, ಬೆಕ್ಕಿನ ನಾಲಿಗೆ.
ಹಿಚುಕಿ ಮೂಸು."
ಗಾರ್ಡು ಮೂಸಿ ಸೀನಿದ. ಪಾಠ ಮುಗಿಯಿತು.

ನನ್ನ ತೋಳು ಮುಳ್ಳಿಗೆ ಸಿಕ್ಕಿತ್ತು.
ಎಳೆದಷ್ಟೂ ಅಂಗಿ ಹರಿಯಿತು.
"ತುದಿ ಕಡೆ ಎಳೀಬೇಡ ಸಾವ್ಕಾರ, ಕೊಕ್ಕೆ ಅದು.
ಬುಡದ ಕಡೆ ಸರಿ. ತಾನೇ ಬಿಡ್ತದೆ."
ಸರಿದೆ. ಬಿಟ್ಟಿತು.

ಮೇಲೆ ಕಡಿದರೆ ಅದಕ್ಕೆ ಕ್ಷೌರ ಮಾಡಿಸಿದ ಖುಷಿ.
ಸುಟ್ಟರೆ ಬೂದಿಯಿಂದ ಮೊದಲು ಏಳುವುದೂ ಅದೇ.
ಬೀರಿ ಕೂತು ಮಣ್ಣು ಕೆದರುತ್ತಾಳೆ,
ದಂಟು ಬೇರಾಗುವ ಕುತ್ತಿಗೆ ಹುಡುಕುತ್ತಾಳೆ,
ಅಲ್ಲಿಂದ ಮೂರು ಬೆರಳು ಕೆಳಗೆ ಒಂದೇ ಏಟು.
ಕಿತ್ತದ್ದನ್ನು ತಲೆಕೆಳಗೆ ಕವೆಗೆ ಸಿಕ್ಕಿಸುತ್ತಾಳೆ,
ಬೇರು ಆಕಾಶಕ್ಕೆ. ನೆಲ ಮುಟ್ಟಿದರೆ ಮತ್ತೆ ಸಂಸಾರ ಹೂಡುತ್ತದೆ.

ಒಂದು ಪೊದೆಯಲ್ಲಿ ಪಿಕಳಾರದ ಗೂಡು, ಎರಡು ಮೊಟ್ಟೆ.
ಇದರ ಹಣ್ಣು ತಿಂದು ಊರಿಗೆಲ್ಲ ಬಿತ್ತುವವಳು ಇವಳೇ
ಎಂದು ಗಾರ್ಡಿಗೆ ಗೊತ್ತು, ತರಬೇತಿಯಲ್ಲಿ ಹೇಳಿದ್ದಾರೆ.
ಬೀರಿ ಸೆರಗಿನ ಅಂಚು ಹರಿದು ಆ ಪೊದೆಗೆ ಕಟ್ಟಿದಳು.
"ಇದ್ಕೆ ಮುಂದಿನ ತಿಂಗ್ಳು."

ಹನ್ನೆರಡನೆಯದೋ ಹದಿಮೂರನೆಯದೋ ಬುಡ,
ಮಣ್ಣಿನ ಜೊತೆ ಕಪ್ಪು ಪ್ಲಾಸ್ಟಿಕ್ಕು ಎದ್ದು ಬಂತು.
ಯಾರದೋ ಅಂಗಳದಿಂದ ಬೇಸರವಾಗಿ ಎಸೆದದ್ದು,
ಚೀಲ ಸಮೇತ.
ಕಪ್ಪು ಚೀಲ ಎಲ್ಲ ನರ್ಸರಿಯದ್ದೂ ಕಪ್ಪೇ, ಸರಿ.
ಆದರೆ ತೂತು?
ಹರಿದ ಕೊಡೆಯ ಕಡ್ಡಿ ಕಾಯಿಸಿ
ಸಾಲಿಗೆ ಐದರಂತೆ, ಓರೆಯಾಗಿ ಚುಚ್ಚುವವನು
ಈ ಕಾರವಾರದಲ್ಲಿ ಇನ್ನೊಬ್ಬನಿಲ್ಲ.
ಮಡಚಿ ಕಿಸೆಗೆ ಹಾಕಿಕೊಂಡೆ.
ಬೀರಿ ನೋಡಿದಳೋ ಇಲ್ಲವೋ,
ಮುಂದಿನ ಬುಡಕ್ಕೆ ಹೋಗಿಯಾಗಿತ್ತು.

ಸಂಜೆ ಸದಾಶಿವಗಡದಿಂದ ಒಬ್ಬರು ಬಂದರು,
ಹೊಸ ಮನೆ, ಬೇಲಿಗೆ ನಲವತ್ತು ಬೇಕು,
ನೀರು ಕೇಳದ್ದು.
ಇಲ್ಲ, ಕೇಪಳ ಒಯ್ಯಿರಿ, ಬೆಳೆಯುವುದು ನಿಧಾನ, ಅಂದೆ.
ಇಲ್ಲ ಅಂತೀರಲ್ಲ, ಗೇಟಿನ ಹತ್ತಿರ ಅಷ್ಟು ದೊಡ್ಡದು?

ಅದು ತಾಯಿಗಿಡ. ಎಲ್ಲ ಕಡ್ಡಿಗಳೂ ಅದರಿಂದ ಮುರಿದವು.
ನನ್ನೆತ್ತರ ದಾಟಿ, ಬೋರ್ಡಿನಲ್ಲಿ
ಕೊಳಂಬಕರ್ ಎಂಬುದನ್ನು ಅರ್ಧ ನುಂಗಿದೆ.
ಗಿರಾಕಿ ಹೋದಮೇಲೆ ಗುದ್ದಲಿ ತಂದೆ.
ಒಂಬತ್ತಾಯಿತು. ಮೊಣಕೈವರೆಗೆ ಮಣ್ಣು.
ಕುತ್ತಿಗೆ ಇನ್ನೂ ಕೈಗೆ ಸಿಗುತ್ತಿಲ್ಲ.
ಆಯಿ ಒಂದು ಕೈಯಲ್ಲಿ ಟಾರ್ಚು ಹಿಡಿದಿದ್ದಾಳೆ,
ಇನ್ನೊಂದರಲ್ಲಿ ಮೂಗು.