ಬರೀ ತೊಳೆಸಿದ ರೀಲು

ಕಟ್ಟಡ ಕೆಡವುತ್ತಾರಂತೆ, ದೀಪಾವಳಿ ಕಳೆದ ಮೇಲೆ.
ಹೊಸದಕ್ಕೆ ಇಪ್ಪತ್ತೆರಡು ಮಾಳಿಗೆ, ಎರಡು ಲಿಫ್ಟು.
ಸೊಸೈಟಿಯ ಕಾಗದಕ್ಕೆ ಸಹಿ ಹಾಕಿಯಾಗಿದೆ.
ಹಾಗಾಗಿ ಇವತ್ತು ಸ್ಟೂಲು ಹತ್ತಿ
ಅಟ್ಟದ ಸಾಮಾನು ಇಳಿಸಿದೆ:
ಹಿತ್ತಾಳೆಯ ಸ್ಟವ್, ಬೀಗ ಮುರಿದ ಸೂಟ್‌ಕೇಸು,
ಅದರ ಹಿಂದೆ ಬಿಸ್ಕತ್ತಿನ ಡಬ್ಬಿ.

ಮುಚ್ಚಳ ಏಳಿಸಲು ಸೌಟಿನ ಹಿಡಿ ಬೇಕಾಯಿತು.
ಒಳಗೆ ಬಟರ್ ಪೇಪರಿನಲ್ಲಿ ಸುತ್ತಿದ ನೆಗೆಟಿವ್ ಪಟ್ಟಿಗಳು,
ಮುಂಬಯಿಯ ನಲವತ್ತೈದು ಮಳೆಗಾಲದ ಪಸೆ ಕುಡಿದು
ಒಂದಕ್ಕೊಂದು ಅಂಟಿಕೊಂಡಿದ್ದವು,
ಎಂಟೂ ಹತ್ತರ ಲೋಕಲ್ಲಿನಲ್ಲಿ
ನಾವು ನಿಲ್ಲುತ್ತಿದ್ದ ಹಾಗೆ.

ಭಾಂಡುಪ್ ಸ್ಟೇಷನ್ನಿನ ಪಕ್ಕ ಪೇಡ್ಣೇಕರನ ಸ್ಟುಡಿಯೋ,
ಒಂದೇ ಬೆಂಚು, ಒಂದೇ ಪರದೆ.
ರೀಲು ತೊಳೆದು ಕೊಡುವನು, ಅದು ಅಗ್ಗ.
"ಪ್ರಿಂಟು?" ಅಂದರೆ ನಾನು
"ಪಗಾರ ಆಗಲಿ" ಅನ್ನುವೆ.
ಪಗಾರ ಆಗುತ್ತಿತ್ತು.
ಊರಿಗೆ ಮನಿಯಾರ್ಡರ್, ಖೋಲಿಯ ಬಾಡಿಗೆ,
ರೇಶನ್ನು, ರೈಲಿನ ಪಾಸು,
ಅಷ್ಟರಲ್ಲಿ ಇನ್ನೊಂದು ರೀಲು ಕೊಂಡಿರುತ್ತಿದ್ದೆ.
ಅಣ್ಣ ಬೈಯುತ್ತಿದ್ದ:
ನೀನು ತೆಗೆಯುವುದು ಫೋಟೋ ಅಲ್ಲ ಮಾರಾಯ್ತಿ, ಸಾಲ.

ರೀಲಿಗೆ ಹನ್ನೆರಡೇ.
ಎಂಥ ಜಿಪುಣಿ ಮಾಡಿತ್ತು ಆ ಹನ್ನೆರಡು ನನ್ನನ್ನು!
ಮೋಡ ಸರಿಯಲಿ ಅನ್ನುವೆ, ಸೆರಗು ಸರಿಮಾಡಿಕೋ ಅನ್ನುವೆ,
ಉಸಿರು ಕಟ್ಟಿ ನಿಲ್ಲುವೆ.
ಫ್ಲೇವಿಯಾಳಿಗೆ ತಾಳ್ಮೆ ತಪ್ಪುತ್ತಿತ್ತು:
"ಒತ್ತೇ ಬೇಗ, ಹಲ್ಲು ಒಣಗಿತು!"

ಅಡುಗೆಮನೆಯ ಟ್ಯೂಬ್‌ಲೈಟಿಗೆ ಒಂದು ಪಟ್ಟಿ ಹಿಡಿದೆ.
ಪವಾಯಿ ಕೆರೆ. ಭಾನುವಾರ.
ನಡುಮಧ್ಯಾಹ್ನದ ಆಕಾಶ ಕಾಡಿಗೆಗಪ್ಪು,
ನೀರೂ ಕಪ್ಪು, ಮರಗಳಿಗೆಲ್ಲ ಬೂದಿ ಬಡಿದಿದೆ.
ಔಷಧಿ ಕಂಪನಿಯ ಪ್ಯಾಕಿಂಗ್ ಸೆಕ್ಷನ್ನಿನ ನಾಲ್ವರು
ಸಾಲಾಗಿ ಕೂತಿದ್ದಾರೆ, ಕೈಯಲ್ಲಿ ಕಚ್ಚಿದ ಪೇರಳೆ.
ಮುಖ ಮಸಿ, ಹಲ್ಲು ಇದ್ದಿಲು.
ಕೂದಲು ಮಾತ್ರ ಬೆಳ್ಳಗೆ,
ಟ್ಯೂಬಿನ ಬೆಳಕು ನೇರ ಅದರಿಂದಲೇ ತೂರಿ ಬರುತ್ತದೆ.

ಆವತ್ತು ಪೇಡ್ಣೇಕರನ ಬೆಂಚಿನ ಮೇಲೆ
ಇದನ್ನೇ ನೋಡಿ ಹೊಟ್ಟೆ ಹಿಡಿದು ನಕ್ಕಿದ್ದೆವು,
"ಅಯ್ಯೋ, ಮುದುಕಿಯರು!" ಅಂತ.
ಇಪ್ಪತ್ತಮೂರು, ಇಪ್ಪತ್ತನಾಲ್ಕು ನಮಗೆಲ್ಲ.

ಗುಲಾಬಿಗೆ ಈಗ ಇದೇ ಬಿಳುಪು.
ಪನ್ವೇಲಿನಲ್ಲಿದ್ದಾಳೆ, ಮೊಮ್ಮಗನ ಟ್ಯೂಷನ್ನಿನ ಬಾಗಿಲಲ್ಲಿ ಕಾಯುತ್ತಾಳೆ.
ಫ್ಲೇವಿಯಾ ಬಣ್ಣ ಹಚ್ಚುತ್ತಾಳೆ,
ಬೈತಲೆಯಲ್ಲಿ ಸಿಕ್ಕಿಬೀಳುತ್ತಾಳೆ.
ತಾರಾಮತಿ ಶಿಂದೆಯ ಸುದ್ದಿ ಗೊತ್ತಿಲ್ಲ,
ಕಂಪನಿಗೆ ಬೀಗ ಬಿದ್ದ ದಿನ ಗೇಟಿನಲ್ಲಿ ಕಂಡದ್ದೇ ಕೊನೆ,
ಊಟದ ಡಬ್ಬಿ ತೆರೆದಿರಲೇ ಇಲ್ಲ.

ವಾರಿಜ.

ವಾರಿಜಳಿಗೆ ಅದೇ ಆಗಸ್ಟಿನಲ್ಲಿ ಕಾಮಾಲೆ.
ಸಾಯನ್ ಆಸ್ಪತ್ರೆಯ ಹಾಸಿಗೆಯಲ್ಲಿ
ದಿಂಬಿನ ತುಂಬ ಕರೀ ಕೂದಲು.
ಅಷ್ಟನ್ನೂ ಬಾಚಿ
ಎರಡು ಜಡೆ ಹೆಣೆದೆ, ಯಾಕೆ ಎರಡೋ,
ಶಾಲೆಗೆ ಹೊರಟವಳ ಹಾಗೆ.

ಇಲ್ಲಿ ಎಡದಿಂದ ಎರಡನೆಯವಳು ಅವಳು,
ಪಟ್ಟಿ ಮಗುಚಿದರೆ ಬಲದಿಂದ.
ಎತ್ತಲಿಂದ ನೋಡಿದರೂ ಅವಳಿಗೂ ತಲೆ ನರೆತಿದೆ.
ಗುಲಾಬಿಯ ಭುಜಕ್ಕೆ ಒರಗಿದ್ದಾಳೆ,
ಮೊಣಕಾಲು ನೋವಿನ ಮಾತೋ
ಸೊಸೆಯ ಚಾಡಿಯೋ ಹೇಳುವವಳ ಹಾಗೆ.

ಮೈದುನನ ಮಗ ಪ್ರಣೀತ ಖೋಕೆ ಕಟ್ಟಲು ಬಂದಿದ್ದ.
"ದೊಡ್ಡಮ್ಮ, ಇದೇನು ಮಹಾ, ಮೊಬೈಲಿನಲ್ಲೇ ಆಗುತ್ತದೆ,
ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿ ಅಸಲಿ ಫೋಟೋ ಬರುತ್ತದೆ."
ಮಾಡಿಯೂ ತೋರಿಸಿದ:
ಪೇಡ್ಣೇಕರನ ಬೆಂಚು ಬಂತು,
ನಮ್ಮ ಚಾಳಿನ ನಲ್ಲಿ ಬಂತು, ಸಾಲಾಗಿ ಕೊಡಗಳು,
ಕೊಡಗಳ ಮೇಲೆ ಕ್ಯಾಮೆರಾ ಹಿಡಿದ ನನ್ನ ನೆರಳೂ ಬಂತು,
ಮೊಣಕೈ ಎರಡೂ ರೆಕ್ಕೆ.

"ಅದೂ ಕೊಡಿ," ಅಂದ, ನನ್ನ ಕೈಯಲ್ಲಿದ್ದದ್ದಕ್ಕೆ.

ಪಗಾರ ಆಗಲಿ, ಅಂದೆ.

"ಯಾರದು?" ಅಂತ ನಕ್ಕ.
ಅಷ್ಟರಲ್ಲಿ ಟೆಂಪೋದವನು ಕೆಳಗಿನಿಂದ ಹಾರ್ನ್ ಹೊಡೆದ.